ಎದೆಯೊಳಗಣ ಎರಡು ದಾರಿಗಳು

ಎದೆ ಎಂಬ ಮಾತು ಕನ್ನಡಿಗರ ಬಾಯಲ್ಲಿ ಬರಿಯ ಒಂದು ಅಂಗದ ಹೆಸರಲ್ಲ. ಧೈರ್ಯವುಳ್ಳವನನ್ನು ಎದೆಗಾರನೆನ್ನುತ್ತೇವೆ, ದುಃಖ ಬಂದರೆ ಎದೆ ಒಡೆಯಿತೆನ್ನುತ್ತೇವೆ, ಭಯವಾದರೆ ಎದೆ ಝಲ್ಲೆಂದಿತೆನ್ನುತ್ತೇವೆ. ಇಷ್ಟೊಂದು ಭಾವಗಳಿಗೆ ಮನೆಯಾದ ಈ ಎದೆಯೊಳಗೆ ನಿಜವಾಗಿ ಇರುವುದೇನು, ಅದನ್ನು ಮನುಷ್ಯನು ಯಾವಾಗ ಮತ್ತು ಹೇಗೆ ತಿಳಿದುಕೊಂಡನು, ಆ ತಿಳಿವಳಿಕೆಯಿಂದ ನಮ್ಮ ನಾಡಿನ ಒಂದು ಮೂಲೆಯ ಜನಕ್ಕೆ ಆಗುವ ಪ್ರಯೋಜನವೇನು ಎಂಬುದೇ ಈ ಹೊತ್ತಿನ ವಿಷಯ. ನಾವು ವೈದ್ಯರಲ್ಲ, ಇತಿಹಾಸವನ್ನು ಪಾಠ ಹೇಳುವವರು. ಆದುದರಿಂದ ಚಿಕಿತ್ಸಾಕ್ರಮವನ್ನು ಬೋಧಿಸುವುದು ನಮ್ಮ ಉದ್ದೇಶವಲ್ಲ. ಎದೆಯಲ್ಲಿ ಉಸಿರು ಹೋಗುವ ದಾರಿಯೊಂದು, ರಕ್ತ ಹೋಗುವ ದಾರಿಯೊಂದು, ಹೀಗೆ ಎರಡು ದಾರಿಗಳಿವೆ. ಇವುಗಳ ಶೋಧನೆಯ ಚರಿತ್ರೆಯನ್ನು ಹೇಳಿ, ಅದರಿಂದ ಮನೆಮಂದಿ ಕಲಿಯಬಹುದಾದುದನ್ನು ಸೂಚಿಸುವುದಷ್ಟೇ ನಮ್ಮ ಕೆಲಸ.

ಮೂಲೆಯೆಂದು ನಾವು ಕರೆದದ್ದು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯನ್ನು. ಇಂದು ಈ ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆಯಾದರೋ 1997ರಲ್ಲಿ ಏರ್ಪಟ್ಟದ್ದು. ಹನೂರು ಬಹುಕಾಲ ಕೊಳ್ಳೇಗಾಲದೊಳಗೇ ಇದ್ದು ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲವು ಕಂಪೆನಿಯ ಪಾಲಿಗೆ ಹೋಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ನೆಯ ಇಸವಿ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಒಂದೇ ಕನ್ನಡವನ್ನಾಡುತ್ತ, ಒಂದೇ ಮಾದಪ್ಪನಿಗೆ ಹರಕೆ ಹೊರುತ್ತಿದ್ದ ನೆರೆಹೊರೆಯವರು ಒಂದೂವರೆ ಶತಮಾನ ಕಾಲ ಬೇರೆ ಬೇರೆ ಆಳ್ವಿಕೆಗಳ ಕಡೆಗೆ ಮುಖಮಾಡಿಕೊಂಡಿರಬೇಕಾಯಿತು. ಈ ಸಂಗತಿ ಮುಂದೆ ನಮಗೆ ಬೇಕಾಗುವುದು.

ಮೊದಲು ಉಸಿರಿನ ದಾರಿಯನ್ನು ನೋಡೋಣ. ಕುತ್ತಿಗೆಯ ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿದರೆ ಉಂಗುರ ಉಂಗುರವಾದ ಒಂದು ಕೊಳವೆ ತಗಲುತ್ತದೆ. ಇದೇ ಶ್ವಾಸನಾಳ, ಉದ್ದ ಸುಮಾರು ನಾಲ್ಕೂವರೆ ಅಂಗುಲ. ಅದರ ಉಂಗುರಗಳು ಮೆತ್ತನೆಯ ಎಲುಬಿನವು, ಹಿಂಭಾಗದಲ್ಲಿ ಪೂರ್ತಿಯಾಗಿ ಕೂಡಿಕೊಂಡಿಲ್ಲ. ಆದುದರಿಂದಲೇ ಅದರ ಬೆನ್ನಿಗಿರುವ ಅನ್ನನಾಳವು ತುತ್ತು ಇಳಿಯುವಾಗ ಹಿಗ್ಗುವುದಕ್ಕೆ ಎಡೆಯಾಗುತ್ತದೆ. ಎದೆಯೊಳಕ್ಕೆ ಇಳಿದ ಮೇಲೆ ಶ್ವಾಸನಾಳವು ಎರಡಾಗಿ ಕವಲೊಡೆಯುತ್ತದೆ. ಈ ಎರಡು ಕವಲುಗಳು ಒಂದರಂತೆ ಒಂದಿಲ್ಲ. ಬಲಗವಲು ಸುಮಾರು ಒಂದು ಅಂಗುಲ ಉದ್ದ, ಅಗಲವಾದದ್ದು, ಹೆಚ್ಚು ನೆಟ್ಟಗೆ ಇಳಿಯುವಂಥದು. ಎಡಗವಲು ಸುಮಾರು ಎರಡು ಅಂಗುಲ ಉದ್ದ, ಕಿರಿದು, ಹೃದಯಕ್ಕೆ ಎಡೆಗೊಟ್ಟು ಓರೆಯಾಗಿ ಹೋಗುವಂಥದು. ಬಲದ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡದ್ದಕ್ಕೆ ಎರಡೇ. ಅಲ್ಲಿಂದ ಮುಂದೆ ಕವಲು ಮರಿಗವಲುಗಳಾಗಿ ಇಪ್ಪತ್ತಕ್ಕಿಂತ ಹೆಚ್ಚು ಸಲ ಒಡೆದು, ಕೊನೆಗೆ ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳಲ್ಲಿ ಈ ದಾರಿ ಮುಗಿಯುತ್ತದೆ.

ಇನ್ನು ರಕ್ತದ ದಾರಿ. ತಲೆ, ಕುತ್ತಿಗೆ, ತೋಳುಗಳ ರಕ್ತವನ್ನು ಹಿಂದಕ್ಕೆ ತರುವ ಸಿರೆಗಳು ಎಡಬಲಗಳಲ್ಲಿ ಒಂದೊಂದು ದೊಡ್ಡ ಸಿರೆಯಾಗಿ, ಅವೆರಡೂ ಎದೆಯ ಬಲಭಾಗದಲ್ಲಿ ಕೂಡಿ, ಮೇಲಣ ಮಹಾಸಿರೆಯಾಗುತ್ತವೆ. ಇದು ಮೂರು ಅಂಗುಲಕ್ಕೂ ಕಡಿಮೆ ಉದ್ದದ, ತೆಳು ಗೋಡೆಯ ಕೊಳವೆ. ನೇರವಾಗಿ ಹೃದಯದ ಬಲಗೋಣೆಗೆ ಇಳಿಯುತ್ತದೆ. ಮಹಾಸಿರೆಯು ಬಲಕ್ಕಿರುವುದರಿಂದ ಎಡಗಡೆಯ ಸಿರೆಯು ಎದೆಯನ್ನು ಅಡ್ಡ ಹಾಯ್ದು ಬರಬೇಕು. ಬಲಗಡೆಯದಾದರೋ ಗಿಡ್ಡ ಮತ್ತು ನೇರ. ಬೆನ್ನುಮೂಳೆಯ ಬಲಪಕ್ಕದಲ್ಲಿ ಇನ್ನೊಂದು ಸಿರೆ ಮೇಲಕ್ಕೇರಿ, ಬಲಗವಲಿನ ಮೇಲೆ ಕಮಾನಿನಂತೆ ಬಾಗಿ, ಮಹಾಸಿರೆಯ ಬೆನ್ನಿಗೆ ಸೇರುತ್ತದೆ. ಪಕ್ಕೆಲುಬುಗಳ ನಡುವಣ ರಕ್ತವನ್ನು ಕೂಡಿಸುವುದು ಇದರ ಕೆಲಸ. ಎಡಪಕ್ಕೆಯ ರಕ್ತವೂ ಬಹುಮಟ್ಟಿಗೆ ಬೆನ್ನುಮೂಳೆಯನ್ನು ದಾಟಿ ಬಂದು ಇದಕ್ಕೇ ಸೇರುತ್ತದೆ. ಸರಿಜೋಡಿಯಿಲ್ಲದುದರಿಂದ ಗ್ರೀಕರು ಇದನ್ನು ಅಜೈಗಸ್, ಎಂದರೆ ನೊಗಕ್ಕೆ ಜೊತೆಯಿಲ್ಲದ್ದು, ಎಂದು ಕರೆದರು. ನಾವು ಇದನ್ನು ಒಂಟಿಸಿರೆಯೆನ್ನೋಣ. ಹೊರಗಿನಿಂದ ನೋಡಿದರೆ ಎಡಬಲ ಸಮನಾಗಿ ಕಾಣುವ ಎದೆ ಒಳಗೆ ಸಮನಾಗಿಲ್ಲ. ಈ ಸಣ್ಣ ವಿಷಯದ ಸುತ್ತ ಯೂರೋಪಿನ ಪಂಡಿತರು ಬಹುಕಾಲ ಕಾದಾಡಿದರು.

ನಮ್ಮ ಪೂರ್ವಿಕರು ಈ ವಿಚಾರದಲ್ಲಿ ಸುಮ್ಮನಿರಲಿಲ್ಲ. ಚರಕಸಂಹಿತೆಯು ಪ್ರಾಣವಹ ಸ್ರೋತಸ್ಸುಗಳೆಂಬ ಉಸಿರಿನ ದಾರಿಗಳನ್ನು ಹೇಳಿ, ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ತಮಕಶ್ವಾಸದ ವರ್ಣನೆಯನ್ನು ಓದಿದರೆ ನಮ್ಮ ಹಳ್ಳಿಗಳ ಗೂರಲು ರೋಗಿಯೇ ಕಣ್ಣಮುಂದೆ ಬರುತ್ತಾನೆ: ಮಲಗಿದರೆ ಉಸಿರು ಕಟ್ಟುವುದು, ಎದ್ದು ಕುಳಿತರೆ ನೆಮ್ಮದಿ, ಮೋಡ ಮುಸುಕಿದಾಗಲೂ ಮೂಡಣ ಗಾಳಿ ಬೀಸಿದಾಗಲೂ ಹೆಚ್ಚುವುದು. ರೋಗಿಯ ಹಾಸಿಗೆಯ ಬಳಿ ಕುಳಿತು ನೋಡಿದವರು ಮಾತ್ರವೇ ಹೀಗೆ ಬರೆಯಬಲ್ಲರು. ಸುಶ್ರುತನಾದರೋ ಶಸ್ತ್ರವೈದ್ಯನಾಗಬೇಕೆನ್ನುವವನು ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಆಮೇಲೆ ಮೆಲ್ಲಮೆಲ್ಲನೆ ಉಜ್ಜಿ ಒಂದೊಂದು ಪದರವನ್ನೂ ಕಣ್ಣಾರೆ ನೋಡಬೇಕೆಂದು ವಿಧಿಸಿದನು. ಸಿರೆಗಳು ಏಳುನೂರೆಂದು ಎಣಿಸಿದನು. ಪಾರ್ಶ್ವಶೂಲದಲ್ಲಿ, ಎಂದರೆ ಪಕ್ಕೆಯ ನೋವಿನಲ್ಲಿ, ಕಂಕುಳಿಗೂ ಸ್ತನಕ್ಕೂ ನಡುವಣ ಸಿರೆಯನ್ನು ಚುಚ್ಚಿ ರಕ್ತ ತೆಗೆಯಬೇಕೆಂದೂ ಹೇಳಿದನು. ಆದರೆ ಕಾಲಕ್ರಮದಲ್ಲಿ ಶವವನ್ನು ನೋಡುವ ಪದ್ಧತಿ ಬಿಟ್ಟುಹೋಗಿ, ಅದನ್ನು ಕುರಿತ ಗ್ರಂಥ ಮಾತ್ರ ಉಳಿಯಿತು.

ಪಶ್ಚಿಮದಲ್ಲಿಯೂ ಹೀಗೆಯೇ ಆಯಿತು. ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್ ಎಂಬ ಗ್ರೀಕ್ ವೈದ್ಯನು ಕೋತಿ, ಹಂದಿ ಮೊದಲಾದ ಪ್ರಾಣಿಗಳನ್ನು ಸೀಳಿ ನೋಡಿ ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದನು. ರಕ್ತವು ಯಕೃತ್ತಿನಲ್ಲಿ ಹುಟ್ಟಿ, ಸಿರೆಗಳ ಮೂಲಕ ಅಂಗಾಂಗಗಳಿಗೆ ಹರಿದು, ಅಲ್ಲಲ್ಲಿಯೇ ಮುಗಿದುಹೋಗುತ್ತದೆಂಬುದು ಅವನ ಮತ. ಹೃದಯದ ಬಲಗೋಣೆಯಿಂದ ಎಡಗೋಣೆಗೆ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಸ್ವಲ್ಪ ರಕ್ತ ಜಿನುಗುವುದೆಂದೂ ಅವನು ಹೇಳಿದನು. ಸಾವಿರದ ಮುನ್ನೂರು ವರ್ಷಕ್ಕೂ ಮೀರಿ ಇದೇ ವೇದವಾಕ್ಯವಾಯಿತು. ವಿದ್ಯಾಪೀಠಗಳಲ್ಲಿ ಆಚಾರ್ಯನು ಎತ್ತರದ ಪೀಠದಲ್ಲಿ ಕುಳಿತು ಗೇಲನನ ಗ್ರಂಥವನ್ನು ಓದುವನು. ಕೆಳಗೆ ಒಬ್ಬ ಆಳು ಶವವನ್ನು ಕೊಯ್ಯುವನು. ಎರಡಕ್ಕೂ ಹೊಂದಿಕೆಯಿಲ್ಲದಿದ್ದರೆ ತಪ್ಪು ಶವದ್ದೇ ಆಗುವುದು.

ಇಂಥ ಕಾಲದಲ್ಲಿ ಹುಟ್ಟಿದ್ದು ಪಕ್ಕೆನೋವಿನ ಜಗಳ. ಶ್ವಾಸಕೋಶದ ಹೊದಿಕೆಗೆ ಉರಿಯೂತ ಬಂದು ಜ್ವರ, ಕೆಮ್ಮು, ಉಸಿರೆಳೆದರೆ ಇರಿಯುವ ನೋವು ಕಾಣಿಸಿದರೆ ಅಂದಿನ ವೈದ್ಯರು ತೋಳಿನ ಸಿರೆಯಿಂದ ರಕ್ತ ತೆಗೆಯುತ್ತಿದ್ದರು. ಯಾವ ತೋಳು? ನೋವಿನ ಕಡೆಯದೋ, ಎದುರು ಕಡೆಯದೋ? ಅರಬ್ಬೀ ವೈದ್ಯಗ್ರಂಥಗಳ ಅನುಯಾಯಿಗಳು ನೋವಿನಿಂದ ದೂರದ ಕಡೆಯಲ್ಲಿ ತೆಗೆಯಬೇಕೆಂದರು. ಪ್ಯಾರಿಸ್ಸಿನ ಪಿಯರ್ ಬ್ರಿಸೋ ಎಂಬ ವೈದ್ಯನು 1514ರ ಸುಮಾರಿನಲ್ಲಿ, ಹಳೆಯ ಗ್ರೀಕ್ ಪದ್ಧತಿಯಂತೆ ನೋವಿನ ಕಡೆಯಲ್ಲಿಯೇ ತೆಗೆಯಬೇಕೆಂದು ವಾದಿಸಿದನು. ಅವನು ಪೋರ್ತುಗಲ್ಲಿಗೆ ಹೋಗಿ ಅಲ್ಲಿಯೂ ಇದೇ ವಾದವನ್ನು ಹೂಡಿ, ಅಲ್ಲಿಯೇ ತೀರಿಕೊಂಡನು. ಅವನ ಗ್ರಂಥ 1525ರಲ್ಲಿ ಪ್ರಕಟವಾಯಿತು. ಎರಡು ಪಕ್ಷಗಳೂ ಗ್ರಂಥಕ್ಕೆ ಗ್ರಂಥವನ್ನು ಎದುರಿಟ್ಟವು. ಎದೆಯ ಸಿರೆಯು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆಂದು ಕೊಯ್ದು ನೋಡಿ ತೀರ್ಮಾನಿಸೋಣವೆಂಬ ಯೋಚನೆ ಬಂದದ್ದು ಆಂಡ್ರಿಯಾಸ್ ವೆಸೇಲಿಯಸನಿಗೆ.

ವೆಸೇಲಿಯಸನು ಇಟಲಿಯ ಪಾಡುವಾ ವಿದ್ಯಾಪೀಠದಲ್ಲಿ ಶವವನ್ನು ತನ್ನ ಕೈಯಿಂದಲೇ ಕೊಯ್ದು ಪಾಠ ಹೇಳುತ್ತಿದ್ದ ತರುಣ. 1539ರಲ್ಲಿ ಅವನು ಪ್ರಕಟಿಸಿದ ಪತ್ರವೊಂದರಲ್ಲಿ ಒಂಟಿಸಿರೆಯ ಚಿತ್ರವನ್ನು ಬರೆದು ತೋರಿಸಿ, ಪಕ್ಕೆಗಳ ಸಿರೆಗಳೆಲ್ಲ ಬಲಗಡೆಯ ಮಹಾಸಿರೆಗೇ ಕೂಡಿಕೊಂಡಿರುವುದರಿಂದ ನೋವು ಎಡಕ್ಕಿರಲಿ ಬಲಕ್ಕಿರಲಿ ಬಲತೋಳಿನಿಂದಲೇ ರಕ್ತ ತೆಗೆಯತಕ್ಕದ್ದೆಂದನು. ಇದರಲ್ಲಿ ಒಂದು ವಿಚಿತ್ರವುಂಟು. ಅವನ ಚಿತ್ರ ಸರಿಯಾಗಿತ್ತು, ತೀರ್ಮಾನ ಸರಿಯಾಗಿರಲಿಲ್ಲ. ರಕ್ತವು ಸಿರೆಯಲ್ಲಿ ಯಾವ ದಿಕ್ಕಿಗೆ ಹರಿಯುತ್ತದೆಂಬುದು ಅವನಿಗೂ ತಿಳಿಯದು. ಆದರೂ ವಾದವನ್ನು ಗ್ರಂಥದಿಂದ ದೇಹಕ್ಕೆ ತಂದವನು ಅವನು. ನಾಲ್ಕು ವರ್ಷಗಳ ಮೇಲೆ, 1543ರಲ್ಲಿ, ಅವನ ಮಹಾಗ್ರಂಥವು ಮಾನವ ಶರೀರದ ರಚನೆಯನ್ನು ಹೊಸದಾಗಿ ಜಗತ್ತಿನ ಮುಂದಿಟ್ಟಿತು.

ದಿಕ್ಕಿನ ಪ್ರಶ್ನೆಯನ್ನು ತೀರಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಅವನ ಗುರು ಪಾಡುವಾದ ಫ್ಯಾಬ್ರಿಷಿಯಸ್ ಎಂಬಾತನು ಸಿರೆಗಳೊಳಗಿನ ಸಣ್ಣ ಕದಗಳನ್ನು 1603ರಲ್ಲಿ ವರ್ಣಿಸಿದ್ದನು. ಆ ಕದಗಳು ಹೃದಯದ ಕಡೆಗೆ ಮಾತ್ರ ತೆರೆಯುವುದನ್ನು ಗಮನಿಸಿ, ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಸಿರೆಯನ್ನು ಬೆರಳಿನಿಂದ ಒತ್ತಿ ತೋರಿಸಿ, ರಕ್ತವು ಸುತ್ತಿ ಸುತ್ತಿ ಬರುವುದೆಂದು ಹಾರ್ವೆಯು 1628ರಲ್ಲಿ ಸ್ಥಾಪಿಸಿದನು. ಕೇಳುಗರು ತಮ್ಮ ಮುಂಗೈಯ ಮೇಲೆಯೇ ಇದನ್ನು ಮಾಡಿ ನೋಡಬಹುದು. ಒಂದೇ ರಕ್ತ ದೇಹವನ್ನೆಲ್ಲ ಸುತ್ತುವುದಾದರೆ ಎಡತೋಳಾದರೇನು, ಬಲತೋಳಾದರೇನು? ನೂರು ವರ್ಷದ ಜಗಳಕ್ಕೆ ಅರ್ಥವೇ ಉಳಿಯಲಿಲ್ಲ. ಆದರೂ ರಕ್ತ ತೆಗೆಯುವ ಪದ್ಧತಿ ಮಾತ್ರ ನಿಲ್ಲಲಿಲ್ಲ. ಅದಕ್ಕೆ 1835ರಲ್ಲಿ ಪ್ಯಾರಿಸ್ಸಿನ ಪಿಯರ್ ಲೂಯಿ ಎಂಬ ವೈದ್ಯನು ಶ್ವಾಸಕೋಶದ ಜ್ವರದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಲೆಕ್ಕವಿಟ್ಟು, ರಕ್ತ ತೆಗೆದುದರಿಂದ ಆಗುವ ಗುಣ ಎಲ್ಲರೂ ನಂಬಿದ್ದಕ್ಕಿಂತ ಬಹಳ ಕಡಿಮೆಯೆಂದು ತೋರಿಸಬೇಕಾಯಿತು.

ಉಸಿರಿನ ದಾರಿಯೂ ರಕ್ತದ ದಾರಿಯೂ ಸಂಧಿಸುವ ಸ್ಥಳವನ್ನು ಕಂಡ ಕಥೆ ಇನ್ನೂ ಸ್ವಾರಸ್ಯವಾದದ್ದು. ಹೃದಯದ ನಡುಗೋಡೆಯಲ್ಲಿ ರಂಧ್ರವಿಲ್ಲ, ರಕ್ತವು ಬಲಗೋಣೆಯಿಂದ ಶ್ವಾಸಕೋಶಕ್ಕೆ ಹೋಗಿ ಗಾಳಿಯೊಡನೆ ಬೆರೆತು ಎಡಗೋಣೆಗೆ ಬರುತ್ತದೆಂದು 1242ರಲ್ಲಿ ಬರೆದವನು ಡಮಾಸ್ಕಸ್ಸಿನಲ್ಲಿ ಹುಟ್ಟಿ ಕೈರೋದಲ್ಲಿ ನೆಲಸಿದ ಇಬ್ನ್ ಅಲ್ ನಫೀಸ್. ಅವನ ಹಸ್ತಪ್ರತಿ ಮೂಲೆಗೆ ಬಿದ್ದಿದ್ದು, 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯನೊಬ್ಬನ ಕಣ್ಣಿಗೆ ಬಿತ್ತು. ಇದೇ ಮಾತನ್ನು 1553ರಲ್ಲಿ ಒಂದು ಮತಗ್ರಂಥದ ನಡುವೆ ಹೇಳಿದ ಮೈಕೇಲ್ ಸರ್ವೀಟಸನನ್ನು, ಅವನ ಮತವಿಚಾರಗಳಿಗಾಗಿ, ಅದೇ ವರ್ಷ ಜಿನೀವಾದಲ್ಲಿ ಜೀವಂತ ಸುಟ್ಟರು. 1559ರಲ್ಲಿ ಕೊಲಂಬೋ ಎಂಬ ಇಟಲಿಯ ಆಚಾರ್ಯನು ಪ್ರಾಣಿಗಳನ್ನು ಕೊಯ್ದು ನೋಡಿ ಇದನ್ನೇ ಹೇಳಿದನು. ಕಟ್ಟಕಡೆಗೆ 1661ರಲ್ಲಿ ಮಾಲ್ಪೀಗಿಯು ಸೂಕ್ಷ್ಮದರ್ಶಕದ ಕೆಳಗೆ ಕಪ್ಪೆಯ ಶ್ವಾಸಕೋಶವನ್ನಿಟ್ಟು, ಗಾಳಿಗೂಡುಗಳನ್ನೂ ಅವುಗಳ ಗೋಡೆಯ ಮೇಲೆ ಹರಡಿದ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನೂ ಕಂಡನು. ಸಾಮಾನ್ಯವಾಗಿ ಸಿರೆಗಳು ತರುವುದು ಬಳಕೆಯಾದ ಕರಿಯ ರಕ್ತ. ಶ್ವಾಸಕೋಶದಿಂದ ಹೃದಯಕ್ಕೆ ಬರುವ ನಾಲ್ಕು ಸಿರೆಗಳು ಮಾತ್ರ ಕೆಂಪಾದ ಹೊಸ ರಕ್ತವನ್ನು ತರುತ್ತವೆ. ಇದಕ್ಕೆ ಕಾರಣವೇನೆಂಬುದು ಮಾಲ್ಪೀಗಿಯ ಕಪ್ಪೆಯಿಂದಲೇ ಅರ್ಥವಾಗುತ್ತದೆ.

ಇಷ್ಟಾದರೂ ಬದುಕಿರುವವನ ಎದೆಯೊಳಗೆ ನೋಡುವ ಬಗೆ ತಿಳಿಯದಿತ್ತು. ಆಸ್ಟ್ರಿಯದ ಔಎನ್‌ಬ್ರೂಗರ್ ಎಂಬ ವೈದ್ಯನ ತಂದೆ ಛತ್ರ ನಡೆಸುತ್ತಿದ್ದವನು. ಪೀಪಾಯಿಯನ್ನು ತಟ್ಟಿದರೆ ಒಳಗೆ ಎಷ್ಟಿದೆಯೆಂಬುದು ಶಬ್ದದಿಂದ ಗೊತ್ತಾಗುವಂತೆ, ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ಗಾಳಿಯಿದೆಯೋ ನೀರು ತುಂಬಿದೆಯೋ ತಿಳಿಯಬಹುದೆಂದು 1761ರಲ್ಲಿ ಮಗನು ತೋರಿಸಿದನು. 1816ರಲ್ಲಿ ಫ್ರಾನ್ಸಿನ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದನು. ವೈದ್ಯರ ಕೊರಳಲ್ಲಿ ತೂಗುವ ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಲೆನೆಕನು 1826ರಲ್ಲಿ, ತಾನು ಅಷ್ಟು ಚೆನ್ನಾಗಿ ವರ್ಣಿಸಿದ ಕ್ಷಯದಿಂದಲೇ ತೀರಿಕೊಂಡನು. 1895ರಲ್ಲಿ ರಂಟ್‌ಜನ್ನನ ಕಿರಣಗಳು ಬಂದ ಮೇಲೆ ಎದೆಯ ನೆರಳು ಫಲಕದ ಮೇಲೆ ಮೂಡಿತು.

ಸಿರೆಗಳ ರಚನೆಯನ್ನು ತಿಳಿದುದರ ಪ್ರಯೋಜನಕ್ಕೆ ಒಂದು ನಿದರ್ಶನ ಹೇಳುತ್ತೇವೆ. 1757ರಲ್ಲಿ ಲಂಡನ್ನಿನ ವಿಲಿಯಂ ಹಂಟರನು, ಎದೆಯ ಮಹಾಧಮನಿ ಉಬ್ಬಿ ಮೇಲಣ ಮಹಾಸಿರೆಯನ್ನು ಅಮುಕಿದ್ದ ರೋಗಿಯೊಬ್ಬನನ್ನು ವರ್ಣಿಸಿದನು. ಈ ಸಿರೆಗೆ ಒತ್ತಡ ಬಿದ್ದರೆ ಮುಖ ಊದಿಕೊಳ್ಳುವುದು, ಬಗ್ಗಿದರೆ ತಲೆ ಭಾರವಾಗುವುದು, ಕತ್ತಿನ ಸಿರೆಗಳು ಕುಳಿತಾಗಲೂ ಉಬ್ಬಿಯೇ ಇರುವುದು, ಎದೆಯ ಚರ್ಮದ ಮೇಲೆ ನೀಲಿಯ ಬಳ್ಳಿಗಳಂತೆ ಹೊಸ ಸಿರೆಗಳು ಎದ್ದು ಕಾಣುವುದು. ಒತ್ತಡವು ಒಂಟಿಸಿರೆ ಕೂಡುವ ಸ್ಥಳಕ್ಕಿಂತ ಮೇಲಿದ್ದರೆ ರಕ್ತವು ಅದರ ಮೂಲಕ ಬಳಸುದಾರಿಯಾಗಿ ಬಂದು ಹೃದಯವನ್ನು ಮುಟ್ಟೀತು. ಆ ಸ್ಥಳವೇ ಮುಚ್ಚಿಹೋದರೆ ರಕ್ತವು ಹೊಟ್ಟೆಯ ಮೇಲಣ ಸಿರೆಗಳನ್ನು ಹಿಡಿದು ಕೆಳಗಣ ಮಹಾಸಿರೆಗೆ ಹೋಗಬೇಕು. ಆಗ ಸಂಕಟ ಹೆಚ್ಚು. ಇಂದು ಇದಕ್ಕೆ ಮುಖ್ಯ ಕಾರಣ ಎದೆಯೊಳಗಿನ ಅರ್ಬುದರೋಗ. ಪಂಡಿತರು ರಕ್ತ ತೆಗೆಯಲು ಕಾದಾಡಿದ ಸಿರೆಯೇ ರೋಗ ಎಲ್ಲಿದೆಯೆಂಬುದನ್ನು ಇಂದು ವೈದ್ಯನಿಗೆ ತಿಳಿಸುತ್ತದೆ. 1929ರಲ್ಲಿ ಜರ್ಮನಿಯ ತರುಣ ವೈದ್ಯ ಫೋರ್ಸ್‌ಮನ್ ತನ್ನ ತೋಳಿನ ಸಿರೆಯಿಂದಲೇ ಹೃದಯದವರೆಗೆ ಸಣ್ಣ ಕೊಳವೆಯನ್ನು ತೂರಿಸಿಕೊಂಡು, ಕಿರಣಚಿತ್ರ ತೆಗೆಸಿದನು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಕತ್ತಿನ ಸಿರೆಯಿಂದ ಕೊಳವೆ ಹಾಕಬೇಕಾದಾಗ ವೈದ್ಯರು ಹೆಚ್ಚಾಗಿ ಬಲಗಡೆಯನ್ನು ಆರಿಸುವುದು ಆ ದಾರಿ ಗಿಡ್ಡ ಮತ್ತು ನೇರವಾದುದರಿಂದ.

ಉಸಿರಿನ ದಾರಿಗೂ ಇಂಥದೇ ಕಥೆಯುಂಟು. ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ 1897ರಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯನು 63 ವಯಸ್ಸಿನ ರೈತನೊಬ್ಬನ ಶ್ವಾಸನಾಳದೊಳಕ್ಕೆ ನೇರವಾದ ಲೋಹದ ಕೊಳವೆಯನ್ನಿಳಿಸಿ, ಬಲಗವಲಿನಲ್ಲಿ ಸಿಕ್ಕಿಕೊಂಡಿದ್ದ ಹಂದಿಯ ಎಲುಬಿನ ಚೂರನ್ನು ಹೊರತೆಗೆದನು. ಬಲಗವಲಿನಲ್ಲಿಯೇ ಸಿಕ್ಕಿಕೊಂಡದ್ದು ಆಕಸ್ಮಿಕವಲ್ಲ. ಅಗಲವಾಗಿ, ನೆಟ್ಟಗೆ ಇಳಿಯುವ ದಾರಿಗೆ ಜಾರಿದ ವಸ್ತು ಬೀಳುವುದು ಸಹಜ. ಎಳೆಯ ಮಕ್ಕಳಲ್ಲಿ ಎಡಬಲಗಳ ಈ ಭೇದ ಅಷ್ಟಾಗಿ ಇಲ್ಲದುದರಿಂದ ಎಡಕ್ಕೂ ಬೀಳುವುದುಂಟು.

ಈಗ ನಮ್ಮ ಸೀಮೆಗೆ ಬರೋಣ. ಎದೆಯ ಈ ಶಾರೀರವನ್ನು ಹೊಸ ಪದ್ಧತಿಯಲ್ಲಿ ಕಲಿಸುವ ಮೈಸೂರಿನ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಚಾಮರಾಜನಗರಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರು. ಹನೂರು ಅದಕ್ಕೂ ಆಚೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡೂರುಗಳು ಇನ್ನೂ ಆಚೆ. ಇಂಥ ಊರುಗಳಲ್ಲಿ ವೈದ್ಯನು ಬರುವ ಮೊದಲು, ಅಥವಾ ವೈದ್ಯನನ್ನು ಮುಟ್ಟುವ ಮೊದಲು, ರೋಗಿಯನ್ನು ನೋಡುವವರು ಮನೆಯವರೇ. ಅವರು ಕಂಡದ್ದೇನು, ವೈದ್ಯನಿಗೆ ಹೇಳುವುದೇನು ಎಂಬುದರ ಮೇಲೆ ಎಷ್ಟೋ ಸಲ ಪ್ರಾಣ ನಿಂತಿರುತ್ತದೆ.

ಈ ಸೀಮೆಯ ಒಣಭೂಮಿಯಲ್ಲಿ ಕಡಲೆಕಾಯಿ ಒಂದು ಬೆಳೆ. ಸುಲಿದ ಬೀಜ ಮನೆಯ ತುಂಬ ಹರಡಿರುವಾಗ ದವಡೆಹಲ್ಲು ಹುಟ್ಟದ ಮಗು ಒಂದನ್ನು ಬಾಯಿಗೆ ಹಾಕಿಕೊಂಡು, ನಕ್ಕೋ ಅತ್ತೋ ಉಸಿರೆಳೆದುಕೊಂಡರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಒಡನೆಯೇ ಕೆಮ್ಮು, ಮುಖ ಕೆಂಪೇರುವುದು. ಆಮೇಲೆ ಬೀಜ ಒಂದು ಕವಲಿನಲ್ಲಿ ನಿಂತುಬಿಟ್ಟರೆ ಕೆಮ್ಮು ತಗ್ಗುತ್ತದೆ, ಮಗು ಆಡತೊಡಗುತ್ತದೆ, ತಾಯಿ ಸಮಾಧಾನಗೊಳ್ಳುತ್ತಾಳೆ. ಅಪಾಯವಿರುವುದು ಈ ಸಮಾಧಾನದಲ್ಲಿ. ಬೀಜದ ಎಣ್ಣೆಯಿಂದ ಸುತ್ತಲ ಪೊರೆ ಕೆರಳಿ ಊದುತ್ತದೆ. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬಾರದೆ ಆ ಕಡೆಯ ಶ್ವಾಸಕೋಶ ಉಬ್ಬುತ್ತದೆ, ಅಥವಾ ಮುದುಡಿ ಜ್ವರಕ್ಕೆ ಎಡೆಯಾಗುತ್ತದೆ. ಎಲುಬಿನಂತೆ ಕಡಲೆಬೀಜದ ನೆರಳು ಕಿರಣಚಿತ್ರದಲ್ಲಿ ಮೂಡುವುದಿಲ್ಲ. ಆದುದರಿಂದ, ಮೂರು ದಿನದ ಹಿಂದೆ ಕಡಲೆಬೀಜ ತಿನ್ನುತ್ತಿದ್ದಾಗ ಕಟ್ಟಿಕೊಂಡು ಕೆಮ್ಮಿತು ಎಂಬ ತಾಯಿಯ ಒಂದು ಮಾತು ಚಿತ್ರಕ್ಕಿಂತ ದೊಡ್ಡ ಸಾಕ್ಷಿ. ಆ ಮಾತು ಬಾರದಿದ್ದರೆ ಮಗುವಿಗೆ ವಾರಗಟ್ಟಲೆ ಬೇರೆ ರೋಗದ ಔಷಧ ನಡೆದೀತು. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಬೀಜವನ್ನು ಕೊಡದಿರುವುದೇ ಲೇಸು. ಉಸಿರೇ ನಿಂತಂತಾದರೆ ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ತೂರಿಸಬಾರದು, ಅದು ಇನ್ನೂ ಕೆಳಕ್ಕೆ ಹೋದೀತು. ಮಗುವನ್ನು ಮುಂದಕ್ಕೆ ಬಾಗಿಸಿ ಹೆಗಲ ಮೂಳೆಗಳ ನಡುವೆ ಅಂಗೈಯಿಂದ ಬಲವಾಗಿ ಗುದ್ದಬೇಕು, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಕೊಳ್ಳೇಗಾಲವೆಂದರೆ ಶ್ರೋತೃಗಳಿಗೆ ಮೊದಲು ನೆನಪಾಗುವುದು ರೇಷ್ಮೆ. ಮದರಾಸು ಆಧಿಪತ್ಯದ ಹಿಪ್ಪುನೇರಳೆ ಬೇಸಾಯ ಬಹುಮಟ್ಟಿಗೆ ಈ ಒಂದು ತಾಲ್ಲೂಕಿನಲ್ಲಿಯೇ ಇತ್ತು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವವರು ದಿನವಿಡೀ ಆ ಹಬೆಯನ್ನೂ ಹುಳುವಿನ ನಾತವನ್ನೂ ಸಣ್ಣ ಧೂಳನ್ನೂ ಉಸಿರಾಡಬೇಕು. ಕರ್ನಾಟಕದ ರೇಷ್ಮೆ ನೂಲು ಕಾರ್ಖಾನೆಗಳ ಕೆಲಸಗಾರರಲ್ಲಿ ಈ ಕಸುಬಿನಿಂದಲೇ ಉಬ್ಬಸ ಬರುವುದುಂಟೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1985ರಲ್ಲಿ ಪ್ರಕಟಿಸಿದರು. ಹುಳು ಮತ್ತು ಗೂಡಿನ ಸೂಕ್ಷ್ಮ ಅಂಶಗಳು ಕೆಲವರ ಮೈಗೆ ಒಗ್ಗುವುದಿಲ್ಲ. ಆಗ ಶ್ವಾಸನಾಳದ ಸಣ್ಣ ಕವಲುಗಳ ಸ್ನಾಯು ಬಿಗಿದು, ಪೊರೆ ಊದಿ, ಕಫ ತುಂಬಿ, ದಾರಿ ಕಿರಿದಾಗುತ್ತದೆ. ಚರಕನು ಹಾಸಿಗೆಯ ಬಳಿ ಕಂಡ ತಮಕಶ್ವಾಸಕ್ಕೆ ಕಾರ್ಖಾನೆಯ ಕಾಲವು ಒಂದು ಹೊಸ ಕಾರಣವನ್ನು ಕೂಡಿಸಿತು. ಇದನ್ನು ಗುರುತಿಸುವ ಬಗೆ ಸುಲಭ: ಕೆಲಸದ ದಿನ ಗೂರಲು ಹೆಚ್ಚಿ, ರಜೆಯ ದಿನ ತಗ್ಗುವುದೇ ಎಂದು ನೋಡುವುದು. ಇದನ್ನು ಕೆಲಸಗಾರನೇ ನೋಡಿ ಹೇಳಬೇಕು, ವೈದ್ಯನು ಕಾರ್ಖಾನೆಯಲ್ಲಿರುವುದಿಲ್ಲ. ಹೇಳಿದ ಮೇಲೆ ಗಾಳಿ ಸಂಚಾರಕ್ಕೆ ಏರ್ಪಾಡು ಮಾಡಿಸುವುದು ಮಾಲಿಕರ ಹೊಣೆ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣುವುದು ಇನ್ನೊಂದು ಬಗೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಒಂದು ವಂಶಪಾರಂಪರ್ಯ ರೋಗವುಂಟು. ಅದನ್ನು ಮೊದಲು ಬರಹದಲ್ಲಿ ವರ್ಣಿಸಿದವನು ಷಿಕಾಗೋ ನಗರದ ಹೆರಿಕ್, 1910ರಲ್ಲಿ. ಭಾರತದಲ್ಲಿ ಇದು 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಗುರುತಿಸಲ್ಪಟ್ಟಿತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ಇದು ಮಲೇರಿಯದಿಂದ ಒಂದಿಷ್ಟು ರಕ್ಷಣೆಯನ್ನೇ ಕೊಡುತ್ತದೆ. ಇಬ್ಬರಿಂದಲೂ ಬಂದರೆ ರೋಗವಾಗುತ್ತದೆ. ಈ ಕಣಗಳು ಬಾಗುವುದು ಪ್ರಾಣವಾಯು ಕಡಿಮೆಯಾದಾಗ. ಎದೆಗೆ ನೆಗಡಿ ಇಳಿದು ಉಸಿರಿನ ದಾರಿ ಕಟ್ಟಿದರೆ ಅಲ್ಲಿಯ ರಕ್ತಕ್ಕೆ ಪ್ರಾಣವಾಯು ಸಾಲದು. ಕಣಗಳು ಬಾಗಿ ಸಣ್ಣ ನಾಳಗಳನ್ನು ಮುಚ್ಚುತ್ತವೆ. ಅದರಿಂದ ಶ್ವಾಸಕೋಶದ ಇನ್ನಷ್ಟು ಭಾಗ ಕೆಡುತ್ತದೆ. ಮಾಲ್ಪೀಗಿಯು ಕಂಡ ಸಂಧಿಸ್ಥಾನದಲ್ಲಿಯೇ ಎರಡು ದಾರಿಗಳೂ ಒಂದನ್ನೊಂದು ಕೆಡಿಸುವ ಈ ಸ್ಥಿತಿ ಬಹು ಬೇಗ ಪ್ರಾಣಾಂತಿಕವಾದೀತು. ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಬೆಟ್ಟದ ಮೇಲೆ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಪೋಡುಗಳಿಗೆ ಹೋಗಿ ಈ ರೋಗವನ್ನು ರಕ್ತಪರೀಕ್ಷೆಯಿಂದ ಹುಡುಕುವ ಕೆಲಸವನ್ನು ಕೈಕೊಂಡಿತು. 2023ರಲ್ಲಿ ಕೇಂದ್ರ ಸರಕಾರವು ಇದರ ನಿವಾರಣೆಗೆ ರಾಷ್ಟ್ರದ ಯೋಜನೆಯನ್ನೇ ಆರಂಭಿಸಿತು. ಇಂಥ ಮಗುವಿಗೆ ಜ್ವರ, ಎದೆನೋವು, ಏದುಸಿರು ಕೂಡಿ ಬಂದರೆ ನಾಳೆ ನೋಡೋಣವೆನ್ನುವಂತಿಲ್ಲ.

ಕ್ಷಯದ ಮಾತನ್ನು ಹೇಳದೆ ಎದೆಯ ಚರಿತ್ರೆ ಮುಗಿಯದು. ಅರಮನೆಯನ್ನೂ ಬಿಡದ ರೋಗವದು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಆರೋಗ್ಯಧಾಮ ಸ್ಥಾಪಿತವಾದುದು ಅವರು ಈ ರೋಗದಿಂದ ತೀರಿಕೊಂಡದ್ದರ ನೆನಪಿಗಾಗಿ. ಆ ಕಾಲದ ಚಿಕಿತ್ಸೆಯೆಂದರೆ ತಿಂಗಳುಗಟ್ಟಲೆ ವಿಶ್ರಾಂತಿ, ಒಳ್ಳೆಯ ಗಾಳಿ, ಒಳ್ಳೆಯ ಆಹಾರ. ಕೊಳ್ಳೇಗಾಲದವನಿಗೆ ಹತ್ತಿರದ ದೊಡ್ಡ ಪಟ್ಟಣ ಮೈಸೂರೇ ಆದರೂ ಅದು ಬೇರೆ ರಾಜ್ಯದ್ದು. ಕೂಲಿಯವನಿಗೆ ಯಾವ ರಾಜ್ಯದ್ದಾದರೂ ತಿಂಗಳುಗಟ್ಟಲೆ ಮಲಗುವ ಅನುಕೂಲವಿಲ್ಲ. ಇಂಥವನ ಕಷ್ಟಕ್ಕೆ ಉತ್ತರ ದೊರೆತದ್ದು ಮದರಾಸಿನಿಂದ. ಅಲ್ಲಿ 1956ರಲ್ಲಿ ಸ್ಥಾಪಿಸಿದ ಕ್ಷಯಚಿಕಿತ್ಸಾ ಕೇಂದ್ರವು ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರವರ ಮನೆಯಲ್ಲಿಯೂ ಇಟ್ಟು, ಇಬ್ಬರಿಗೂ ಒಂದೇ ಔಷಧವನ್ನು ಕೊಟ್ಟು ಹೋಲಿಸಿ ನೋಡಿತು. ಔಷಧವನ್ನು ತಪ್ಪದೆ ತೆಗೆದುಕೊಂಡರೆ ಮನೆಯಲ್ಲಿದ್ದವರೂ ಅಷ್ಟೇ ಚೆನ್ನಾಗಿ ಗುಣಹೊಂದುವರೆಂದು 1959ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಲೂಯಿಯು ಪ್ಯಾರಿಸ್ಸಿನಲ್ಲಿ ತೊಡಗಿಸಿದ ಎಣಿಸಿ ನೋಡುವ ಪದ್ಧತಿಯು ಹೀಗೆ ನಮ್ಮ ಹಳ್ಳಿಯ ಬಡವನಿಗೂ ಫಲವನ್ನು ಕೊಟ್ಟಿತು. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಮಾಡಿಸಬೇಕೆಂಬ ಇಂದಿನ ನಿಯಮವೂ ಈ ಚರಿತ್ರೆಯದೇ ಮುಂದುವರಿಕೆ. ಶ್ವಾಸಕೋಶದಲ್ಲಿ ಕೊರೆದ ಗುಳಿಯು ಉಸಿರಿನ ಕವಲಿಗೆ ತೆರೆದುಕೊಂಡಾಗ ಕ್ರಿಮಿಗಳು ಕಫದಲ್ಲಿ ಹೊರಬಂದು ಇನ್ನೊಬ್ಬರ ಎದೆಗೆ ಹೋಗುತ್ತವೆ.

ಈ ದೀರ್ಘ ಚರಿತ್ರೆಯಿಂದ ನಮಗೆ ತೋರುವುದಿಷ್ಟು. ಗ್ರಂಥವನ್ನೇ ನೆಚ್ಚಿ ಕುಳಿತ ಕಾಲದಲ್ಲಿ ದೊಡ್ಡ ಪಂಡಿತರೂ ಎಡಬಲಗಳನ್ನು ತಿಳಿಯದೆ ಹೋದರು. ಶವವನ್ನು ಕೊಯ್ದು, ಸಿರೆಯನ್ನು ಒತ್ತಿ, ಎದೆಯನ್ನು ತಟ್ಟಿ, ರೋಗಿಗಳನ್ನು ಎಣಿಸಿ ನೋಡಿದವರಿಂದ ವಿದ್ಯೆ ಬೆಳೆಯಿತು. ವಿದ್ಯೆ ಬೆಳೆದ ಮೇಲೂ ನೋಡುವ ಕೆಲಸ ಮುಗಿದಿಲ್ಲ. ಅದರಲ್ಲಿ ಒಂದು ಪಾಲು ಈಗ ಮನೆಯವರದು. ಹಠಾತ್ತಾಗಿ ಕೆಮ್ಮಿ ಸುಮ್ಮನಾದ ಮಗುವನ್ನು, ರಜೆಯ ದಿನ ಮಾತ್ರ ಸರಾಗವಾಗಿ ಉಸಿರಾಡುವ ಕೆಲಸಗಾರನನ್ನು, ಕತ್ತಿನ ಸಿರೆ ಉಬ್ಬಿ ಮುಖ ಊದಿದ ಹಿರಿಯರನ್ನು, ಎರಡು ವಾರದಿಂದ ಕೆಮ್ಮುವ ನೆರೆಯವನನ್ನು ನೋಡಿದವರು ತಾವು ನೋಡಿದುದನ್ನು ಇದ್ದಂತೆಯೇ ವೈದ್ಯನಿಗೆ ಹೇಳಬೇಕು. ನಗರವಾಸಿಗಳಾದ ಶ್ರೋತೃಗಳಲ್ಲಿ ಅನೇಕರಿಗೆ ಈ ಸೀಮೆಗಳಲ್ಲಿ ನಂಟರುಂಟು, ಹೊಲಮನೆಗಳುಂಟು. ಮುಂದಿನ ಸಲ ಮಾದಪ್ಪನ ಜಾತ್ರೆಗೋ ರಂಗನಾಥನ ತೇರಿಗೋ ಹೋದಾಗ ಈ ನಾಲ್ಕು ಮಾತುಗಳನ್ನು ಅಲ್ಲಿಗೆ ತಲುಪಿಸಿದರೆ ಈ ಭಾಷಣದ ಉದ್ದೇಶ ಸಫಲವಾದಂತೆಯೇ ಸರಿ.